ಹೊಸ ಪ್ರಯೋಗಕ್ಕೆ ಮೊದಲು ಬೇಕಾದ್ದು ಎರಡು ಪಿರಿಯಡ್

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ "ಹೊಸತೇನಾದರೂ ಮಾಡಿ" ಎಂದು ಹೇಳದ ಹೆಡ್‌ಮಾಸ್ಟ್ರು ಇಲ್ಲ. ಹೇಳಿದವರಲ್ಲಿ ಟೈಮ್‌ಟೇಬಲ್ ತಿದ್ದಿಕೊಟ್ಟವರು ಕಡಿಮೆ. ಪ್ರಯೋಗ ಮಾಡುವ ಟೀಚರಿಗೆ ವಾರಕ್ಕೆ ಎರಡು ಪಿರಿಯಡ್ ಬಿಡುವು ಸಿಗಬೇಕು, ಆ ಕ್ಲಾಸನ್ನು ಹೆಡ್‌ಮಾಸ್ಟ್ರೇ ತೆಗೆದುಕೊಂಡರೆ ಒಳ್ಳೆಯದು. ಸಣ್ಣ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಗಳಲ್ಲಿ ಇದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ಪ್ರತ್ಯೇಕ ಮುಖ್ಯೋಪಾಧ್ಯಾಯರನ್ನು ಹೇಳಿರುವುದು 150ಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ. ಅದಕ್ಕಿಂತ ಸಣ್ಣ ಶಾಲೆಯಲ್ಲಿ ಅವರಿಗೇ ಒಂದು ಕ್ಲಾಸಿನ ಜವಾಬ್ದಾರಿ ಇರುತ್ತದೆ. ಆಗ ಮೂರು ಮತ್ತು ನಾಲ್ಕನೇ ತರಗತಿಯ ಚಿತ್ರಕಲೆ, ಆಟದ ಪಿರಿಯಡ್‌ಗಳನ್ನು ಒಟ್ಟು ಸೇರಿಸಿದರೆ ಒಬ್ಬರಿಗೆ ಬಿಡುವಾಗುತ್ತದೆ.

ಒಂದು ಕ್ಲಾಸು, ಒಂದು ಪಾಠ, ಮೂರು ವಾರ: ಪ್ರಯೋಗ ಇಷ್ಟೇ ಇರಲಿ. ಶುರುಮಾಡುವ ಮೊದಲು ಅರ್ಧ ಹಾಳೆಯಲ್ಲಿ ಸಮಸ್ಯೆ ಏನು, ಏನು ಮಾಡುತ್ತೇವೆ, ಫಲಿಸಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಬರೆಸಬೇಕು. "ಮಕ್ಕಳಲ್ಲಿ ಆಸಕ್ತಿ ಹೆಚ್ಚಿಸುವುದು" ಎಂದು ಬರೆದರೆ ಹೆಡ್‌ಮಾಸ್ಟ್ರು ಹಾಳೆ ಹಿಂದೆ ಕೊಡಲಿ. ಅದನ್ನು ಅಳೆಯುವುದು ಹೇಗೆ? "ನಾಲ್ಕನೆಯವರು ಕೂಡುವ, ಕಳೆಯುವ ಲೆಕ್ಕ ಸರಿ ಮಾಡುತ್ತಾರೆ, ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ತಡವರಿಸುತ್ತಾರೆ" ಎಂಬುದು ಸಮಸ್ಯೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳಿಗೆ ಪುಸ್ತಕದ ಕನ್ನಡವೇ ಅಡ್ಡಿಯೋ ಎಂದು ಪರೀಕ್ಷಿಸಬಹುದು. ಲೆಕ್ಕವನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಮಕ್ಕಳಿಂದಲೇ ಕನ್ನಡದಲ್ಲಿ ಬರೆಸುವುದು. ಮೊದಲು ಹತ್ತು ಪ್ರಶ್ನೆ, ಕೊನೆಗೆ ಅಂಕೆ ಬದಲಿಸಿ ಅದೇ ಹತ್ತು.

ಶಾಲೆಯ ಟೀಚರುಗಳೆಲ್ಲ ಸೇರುವ ಎಸ್‌ಆರ್‌ಜಿ ಸಭೆಯಲ್ಲಿ ಸುತ್ತೋಲೆ ಓದಿ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಆದ್ದರಿಂದ ಪ್ರಯೋಗದ ಮಾತಿಗೆ ಮೊದಲ ಹದಿನೈದು ನಿಮಿಷ ಮೀಸಲಿಡಬೇಕು. ಟೀಚರ್ ಫಲಿಸದ್ದನ್ನು ಮೊದಲು ಹೇಳಲಿ, ಇಬ್ಬರು ಮಕ್ಕಳ ನೋಟ್‌ಪುಸ್ತಕ ತೋರಿಸಲಿ. ಹೆಡ್‌ಮಾಸ್ಟ್ರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ಅವರು ಮೊದಲೇ "ಚಂದ ಆಯ್ತು" ಅಂದುಬಿಟ್ಟರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಕ್ಲಾಸು ನೋಡಲು ಸಹೋದ್ಯೋಗಿ ಹೋದರೆ ಸಾಕು. ಹೆಡ್‌ಮಾಸ್ಟ್ರು ಹೋದರೆ ಅದು ತಪಾಸಣೆಯಾಗಿ, ಟೀಚರ್ ಮಾಡಿ ಪಳಗಿದ ಪಾಠವನ್ನೇ ಮಾಡುತ್ತಾರೆ.

ಡ್ರಾಯಿಂಗ್ ಶೀಟ್, ಮಾರ್ಕರಿನ ಹಣ ಪಿಟಿಎಯಿಂದ (ಶಿಕ್ಷಕ-ರಕ್ಷಕ ಸಂಘದಿಂದ) ಮುಂಚಿತವಾಗಿ ಕೊಡಿಸಬೇಕು. ಕೈಯಿಂದ ಹಾಕಿ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದವರು ಎರಡನೇ ಸಲ ಮುಂದೆ ಬರುವುದಿಲ್ಲ.

ಕನ್ನಡದಲ್ಲಿ ಡಿಜಿಟಲ್ ಸಾಮಗ್ರಿ ಕಡಿಮೆ ಇರುವುದರಿಂದ ಮಲಯಾಳ ವಿಡಿಯೋಗೆ ಕನ್ನಡ ದನಿ ಕೊಡುವ ಕೆಲಸವೂ ಶಾಲೆಯ ಮೇಲೇ ಬೀಳುತ್ತದೆ. ಸಾಮಾನ್ಯವಾಗಿ ಅದು ಕಂಪ್ಯೂಟರ್ ಬಲ್ಲ ಒಬ್ಬರ ತಲೆಗೆ ಬಿದ್ದು, ಓಣಂ ರಜೆಯೊಳಗೆ ಅವರು ಸುಸ್ತು. ಕ್ಲಸ್ಟರ್ ಸಭೆಯಲ್ಲಿ ಅಕ್ಕಪಕ್ಕದ ಶಾಲೆಗಳು ಪಾಠ ಹಂಚಿಕೊಂಡರೆ ಮುಂದುವರಿಯುತ್ತದೆ.

ಒಂದು ಕ್ಲಾಸಿನಲ್ಲಿ ಗೆದ್ದದ್ದನ್ನು ಮರುವಾರವೇ ಇಡೀ ಶಾಲೆಗೆ ಕಡ್ಡಾಯ ಮಾಡುವುದು, ವಾಟ್ಸಪ್ಪಿನ ಫೋಟೋಗಾಗಿ ಪ್ರಯೋಗ ನಡೆಸುವುದು, ಇವೆರಡೂ ಉತ್ಸಾಹ ಕೊಲ್ಲುತ್ತವೆ. ದಿನವೇತನದ ಟೀಚರ್ ಮಾರ್ಚಿನಲ್ಲಿ ಹೊರಟಾಗ ಕೆಲಸವೂ ಅವರೊಟ್ಟಿಗೆ ಹೋಗುತ್ತದೆ. ಅರ್ಧ ಹಾಳೆ, ಎರಡೂ ಪ್ರಶ್ನೆಪತ್ರಿಕೆ, ಮಕ್ಕಳ ಅಂಕ, ಇವಿಷ್ಟನ್ನು ಫೈಲ್ ಮಾಡಿ ಆಫೀಸಿನಲ್ಲಿಟ್ಟರೆ ಜೂನಿನಲ್ಲಿ ಬರುವವರ ಕೈಗೆ ಕೊಡಬಹುದು.