ಬೀಗ ಹಾಕಿಟ್ಟ ಶೆಲ್ಯಾಕ್

ನಮ್ಮ ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್, ಸಾಕೆಟ್, ಸುತ್ತಿಗೆಗಳೆಲ್ಲ ಗೋಡೆಯ ಮೇಲೆ ರಾಜಾರೋಷವಾಗಿ ತೂಗುತ್ತಿದ್ದವು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ವಸ್ತು ಒಂದೇ, ಶೆಲ್ಯಾಕ್ ಬಾಟಲಿ. ಕದಿಯಬೇಕೆನ್ನಿಸುವಂಥ ಪದಾರ್ಥವೇನಲ್ಲ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಕಂದು ಬಣ್ಣದ ಅಂಟು. ಎಂಜಿನ್ನಿನ ಎರಡು ಭಾಗಗಳ ನಡುವೆ ಪ್ಯಾಕಿಂಗ್, ಅಂದರೆ ಸೋರದಂತೆ ತಡೆಯುವ ಗ್ಯಾಸ್ಕೆಟ್, ಕೂರಿಸುವಾಗ ಅದರ ಎರಡೂ ಬದಿಗೆ ತೆಳ್ಳಗೆ ಸವರಬೇಕು. ಬೀಗದ ಕೈ ವರ್ಕ್‌ಶಾಪ್ ಮೇಷ್ಟ್ರ ಜೇಬಿನಲ್ಲಿರುತ್ತಿತ್ತು. ಯಾರಾದರೂ ಕೇಳಿದರೆ, “ಮೊದಲು ಮುಖ ತೋರಿಸಿ” ಎನ್ನುತ್ತಿದ್ದರು. ನಮ್ಮ ಮುಖವಲ್ಲ, ಕೂಡಿಸಬೇಕಾದ ಲೋಹದ ಮುಖ.

ಆ ಪರೀಕ್ಷೆಯಲ್ಲಿ ಪಾಸಾಗುವುದು ಡಿಪ್ಲೊಮಾ ಪರೀಕ್ಷೆಗಿಂತ ಕಷ್ಟವಿತ್ತು. ಸ್ಟ್ಯಾಂಡಿನ ಮೇಲೆ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. ಅದರ ಹಳೆಯ ಪ್ಯಾಕಿಂಗನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಬೇಕು. ಎರಕದ ಕಬ್ಬಿಣವಾದರೆ ಉಕ್ಕಿನ ಸ್ಕ್ರೇಪರ್ ನಡೆಯುತ್ತದೆ. ಅಲ್ಯೂಮಿನಿಯಂ ಆದರೆ ಮರದ ಚಕ್ಕೆಯೇ ಆಗಬೇಕು, ಇಲ್ಲವಾದರೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಆಯಿಲ್ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಉಕ್ಕಿನ ಪಟ್ಟಿಯನ್ನು ಮುಖದ ಮೇಲೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರುತ್ತದೆಯೇ ಎಂದು ನೋಡಬೇಕು. ತೂರಿದರೆ ಬಾಟಲಿ ಇಲ್ಲ.

ಪ್ಯಾಕಿಂಗ್ ಕೂಡ ಅಂಗಡಿಯಿಂದ ತರುವಂತಿರಲಿಲ್ಲ. ಪ್ಯಾಕಿಂಗ್ ಕಾಗದದ ಹಾಳೆಯನ್ನು ಕವರಿನ ಮೇಲೆ ಹಾಸಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲನೆ ತಟ್ಟುತ್ತಾ ಹೋದರೆ ಕಾಗದ ಅಂಚಿನ ಆಕಾರದಲ್ಲೇ ಕತ್ತರಿಸಿಕೊಳ್ಳುತ್ತದೆ. ಬೋಲ್ಟಿನ ತೂತಿನ ಮೇಲೆ ಹಳೆಯ ಬೇರಿಂಗಿನ ಗುಂಡನ್ನಿಟ್ಟು ಒಂದೇಟು ಹಾಕಿದರೆ ದುಂಡನೆಯ ರಂಧ್ರ ಸಿದ್ಧ. ಈ ವಿದ್ಯೆಗೆ ಈಗ ಬೆಲೆ ಇಲ್ಲ ಎನ್ನುವವರಿದ್ದಾರೆ. ಹಳೆಯ ಟಿಲ್ಲರ್ ಹಿಡಿದುಕೊಂಡು ಬರುವ ರೈತರು ಹಾಗೆ ಹೇಳುವುದಿಲ್ಲ. ಅದರ ಪ್ಯಾಕಿಂಗ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾಲೇಜು ಇದ್ದದ್ದು ಮೈಸೂರಿನಲ್ಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ನಾನು ಎರಡನೆಯ ವರ್ಷದಲ್ಲಿದ್ದಾಗ. ಕಾರ್ಖಾನೆ ನಿಂತರೂ ಅದರ ಯೆಜ್ಡಿ ಮೋಟಾರ್‌ಸೈಕಲ್‌ಗಳು ನಿಲ್ಲಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಸದಾ ಒಂದಲ್ಲ ಒಂದು ಬಿಚ್ಚಿಕೊಂಡಿರುತ್ತಿತ್ತು. ಮೇಷ್ಟ್ರು ಅಂಟಿನ ನಿಜವಾದ ಪಾಠ ಮಾಡಿದ್ದು ಆ ಟೂ ಸ್ಟ್ರೋಕ್ ಎಂಜಿನ್ನಿನ ಮೇಲೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಸಂದು ಬಿಟ್ಟರೆ ಆಯಿಲ್ ಸೋರಿ ನೆಲದಲ್ಲಿ ಕಾಣಿಸುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೇ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲೆ ಹೋಗುತ್ತದೆ. ಕ್ರ್ಯಾಂಕ್‌ಕೇಸಿನ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೊರಗೆ ಒಂದು ತೊಟ್ಟೂ ಸೋರಿರುವುದಿಲ್ಲ. ಗಾಡಿಯವನು ಕಾರ್ಬ್ಯುರೇಟರ್ ಬೈಯುತ್ತಿರುತ್ತಾನೆ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಸಿಲಿಕೋನ್ ಟ್ಯೂಬುಗಳ ಕಾಲ ಬಂದಿತ್ತು. ಗಾಳಿಯಲ್ಲಿರುವ ತೇವಾಂಶ ಹೀರಿ ರಬ್ಬರಿನಂತೆ ಗಟ್ಟಿಯಾಗುವ ಪೇಸ್ಟ್ ಅದು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ನಮ್ಮಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಮಾಡಿಬಿಡುತ್ತಾರೆ. 2–3 ಮಿಲಿಮೀಟರ್ ದಪ್ಪದ ಒಂದೇ ಎಳೆ, ಬೋಲ್ಟ್ ತೂತುಗಳ ಒಳಬದಿಗೆ, ನಡುವೆ ತುಂಡಾಗದಂತೆ ಎಳೆದರೆ ಸಾಕು. ಆದರೆ ಕೇಕಿನ ಮೇಲೆ ಕ್ರೀಮ್ ಹಾಕುವಂತೆ ಹಾಕುವವರೇ ಹೆಚ್ಚು. ಹೊರಗೆ ಉಬ್ಬಿ ಬಂದದ್ದನ್ನು ಬೆರಳಿನಿಂದ ಒರೆಸಿ ಚೆಂದ ಮಾಡಬಹುದು, ಒಳಗೆ ಅಷ್ಟೇ ಉಬ್ಬಿರುವುದನ್ನು ಯಾರು ನೋಡುತ್ತಾರೆ? ಬೇರೊಂದು ಗ್ಯಾರೇಜಿನಲ್ಲಿ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಬಿಚ್ಚಿ ಹಾಕಿದ್ದ ಒಂದು ಕಾರು ನನ್ನ ಬಳಿಗೆ ಡ್ಯಾಶ್‌ಬೋರ್ಡಿನ ಆಯಿಲ್ ಎಚ್ಚರಿಕೆ ದೀಪ ಉರಿಸಿಕೊಂಡೇ ಬಂತು. ಆಯಿಲ್ ಸ್ಟ್ರೈನರಿನ ಜಾಲರಿಯ ತುಂಬ ಕಪ್ಪು ಸಿಲಿಕೋನಿನ ಚೂರುಗಳು. ಬೇರಿಂಗುಗಳು ಆಗಲೇ ಸವೆದಿದ್ದವು. ಎಂಜಿನ್ನಿಗೆ ಆಯಿಲ್ ಇತ್ತು, ಪಂಪಿಗೆ ಸಿಕ್ಕಿರಲಿಲ್ಲ.

ಸಿಲಿಂಡರಿನ ಮುಚ್ಚಳವಾದ ಹೆಡ್‌ನ ಪ್ಯಾಕಿಂಗಿಗೂ ಈ ಪೇಸ್ಟ್ ಮೆತ್ತುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಸಾಮಾನ್ಯ ಸಿಲಿಕೋನ್ ಸುಮಾರು 250 ಡಿಗ್ರಿಯವರೆಗೆ ತಾಳುತ್ತದೆ. ಸಿಲಿಂಡರಿನೊಳಗೆ ಉರಿಯುವ ಅನಿಲ 2000 ಡಿಗ್ರಿ ದಾಟುತ್ತದೆ. ಅಲ್ಲಿ ಬೇಕಾದದ್ದು ಸಮವಾದ ಮುಖ, ಹೊಸ ಗ್ಯಾಸ್ಕೆಟ್, ನಡುವಿನಿಂದ ಹೊರಕ್ಕೆ ಹಂತಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದ ಬೋಲ್ಟುಗಳು. ಪೆಟ್ರೋಲ್ ತಾಗುವ ಕಾರ್ಬ್ಯುರೇಟರಿಗೂ ಸಿಲಿಕೋನ್ ಸಲ್ಲದು, ಉಬ್ಬಿ ಕಿತ್ತುಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ. ಅಂಟು ಎಂದರೆ ಸೋಮಾರಿಯ ಗೆಳೆಯ ಎಂಬುದು ಅವರ ಖಾಯಂ ತೀರ್ಪು. ಆದರೆ ಇಂದಿನ ಎಷ್ಟೋ ಎಂಜಿನ್ನುಗಳ ಸಂಪಿಗೆ, ಟೈಮಿಂಗ್ ಕವರಿಗೆ ಪ್ಯಾಕಿಂಗೇ ಇರುವುದಿಲ್ಲ. ಕಾರ್ಖಾನೆಯ ಕೈಪಿಡಿಯೇ ದ್ರವ ಸೀಲರ್ ಹಾಕಿ ಎನ್ನುತ್ತದೆ. ಬ್ಲಾಕ್, ಹೆಡ್, ಟೈಮಿಂಗ್ ಕವರ್ ಮೂರೂ ಕೂಡುವ ಮೂಲೆಯಲ್ಲಂತೂ ಒಂದು ಬೊಟ್ಟು ಸಿಲಿಕೋನ್ ಇಡದಿದ್ದರೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಇದ್ದರೂ ಸೋರುತ್ತದೆ.

ಇದನ್ನೇ ವಾದಿಸಲು ಒಮ್ಮೆ ಅವರ ಮನೆಗೆ ಹೋದಾಗ ಗಾಳಿ ಇಲ್ಲದೆಡೆ ಗಟ್ಟಿಯಾಗುವ ಸೀಲರಿನ ಪುಟ್ಟ ಬಾಟಲಿಯನ್ನು ಒಯ್ದಿದ್ದೆ. ಈ ಬಗೆಯ ಅಂಟನ್ನು 1953ರಲ್ಲಿ ರೂಪಿಸಿದ್ದು ವರ್ನನ್ ಕ್ರೀಬಲ್, ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು, ಎಂದು ಹೇಳಿದಾಗ ಅವರು ಸ್ವಲ್ಪ ಮೆತ್ತಗಾದರು. ಬಾಟಲಿಯನ್ನು ಬೆಳಕಿಗೆ ಹಿಡಿದು, “ಅರ್ಧ ಖಾಲಿ ಇದೆಯಲ್ಲೋ, ಅಂಗಡಿಯವನು ಮೋಸ ಮಾಡಿದ್ದಾನೆ” ಎಂದರು. ಒಳಗಿನ ಗಾಳಿಯೇ ಅದನ್ನು ದ್ರವವಾಗಿ ಇಟ್ಟಿರುತ್ತದೆ, ಲೋಹದ ಎರಡು ಮುಖಗಳ ನಡುವೆ ಗಾಳಿ ಸಿಗದಾಗ ಗಟ್ಟಿಯಾಗುತ್ತದೆ ಎಂದು ವಿವರಿಸಿದೆ.

“ಸರಿ. ಮುಂದೆ ಬಿಚ್ಚುವವನ ಗತಿ?”

ಕವರಿನ ಅಂಚಿನಲ್ಲಿ ಮೀಟುಗೋಲು ಕೊಟ್ಟು ಎಬ್ಬಿಸಲೆಂದೇ ಕಿವಿ ಬಿಟ್ಟು ಎರಕ ಹೊಯ್ದಿರುತ್ತಾರೆ, ಎಂದೆ. ಹಾಗಾದರೆ ಅಂಥದ್ದೊಂದು ಕವರ್ ತಂದು ತೋರಿಸು ಎಂದರು. ಮುಂದಿನ ಭಾನುವಾರ ಹಳೆಯ ಸಂಪ್ ಒಂದನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಕಿವಿಯನ್ನಲ್ಲ, ನಾನು ಮುಖವನ್ನು ಕೆರೆದಿದ್ದೇನೆಯೇ ಎಂದು.