ಒಂದು ಬಟ್ಟೆ ಚೀಲ, ಐದು ವಿಭಾಗ

ಸ್ನಾತಕೋತ್ತರ ತರಗತಿಗೆ ಸುಸ್ಥಿರತೆ ಕಲಿಸಬೇಕೆಂದಾಗ ಹೆಚ್ಚಿನವರು ವಾರಕ್ಕೊಂದು ವಿಭಾಗದ ಮೇಷ್ಟ್ರನ್ನು ಕರೆಸಿ ಉಪನ್ಯಾಸ ಕೊಡಿಸುತ್ತಾರೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿ ಬರೀ ಬಿಡಿ ಟಿಪ್ಪಣಿಗಳು. ಮೇಷ್ಟ್ರುಗಳೇ ಕೂತು ಹೊಲಿಯದ ತುಂಡುಗಳನ್ನು ಅವರು ಹೊಲಿಯಲಿ ಎಂದರೆ ಹೇಗೆ? ಅದಕ್ಕಿಂತ ಒಂದೇ ವಸ್ತುವನ್ನು ನಡುವೆ ಇಟ್ಟು, ಎಲ್ಲರೂ ಅದರ ಮೇಲೆ ತಕರಾರು ತೆಗೆಯುವಂತೆ ಮಾಡುವುದು ವಾಸಿ.

ಹತ್ತಿ ಚೀಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಡೆನ್ಮಾರ್ಕ್ ಪರಿಸರ ಸಂರಕ್ಷಣಾ ಸಂಸ್ಥೆಯ 2018ರ ವರದಿಯ ಪ್ರಕಾರ ಸಾಮಾನ್ಯ ಹತ್ತಿ ಚೀಲವು ಪ್ಲಾಸ್ಟಿಕ್ ಚೀಲಕ್ಕೆ ಸರಿಸಾಟಿಯಾಗಲು ಹವಾಮಾನದ ಲೆಕ್ಕದಲ್ಲಿ 52 ಸಲ ಬಳಕೆಯಾಗಬೇಕು. ಪರಿಸರಕ್ಕಾಗುವ ಹಾನಿಯನ್ನು ಅಳೆಯುವ ಎಲ್ಲ ಸೂಚಕಗಳನ್ನೂ ನೋಡಿದರೆ 7100 ಸಲ. ಎರಡನ್ನೂ ಬೋರ್ಡಿನ ಮೇಲೆ ಬರೆದು, ಕಾರಣ ಹೇಳದೆ ಇಪ್ಪತ್ತು ನಿಮಿಷ ಬಿಡಿ. 7100 ಎಂಬುದು ಸರಾಸರಿಯಲ್ಲ, ಅತಿ ಕೆಟ್ಟ ಸೂಚಕವೊಂದರದ್ದು. ಅದು ಓಝೋನ್ ಪದರದ ಸವಕಳಿ. ಎಂಜಿನಿಯರಿಂಗ್‌ನವರು ಇದನ್ನು ಬೇಗ ಹಿಡಿಯುತ್ತಾರೆ. ಬೀದಿಗೆ, ಕಡಲಿಗೆ ಬೀಳುವ ಕಸ ಈ ಲೆಕ್ಕದಲ್ಲೇ ಇಲ್ಲ ಎಂಬುದನ್ನು ಸಮಾಜಶಾಸ್ತ್ರದವರೋ ಕಾನೂನಿನವರೋ ಎತ್ತಬೇಕು. ಎತ್ತದಿದ್ದರೆ ‘ಯಾವುದನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ?’ ಎಂದಷ್ಟೇ ಕೇಳಿ, ಉತ್ತರ ಕೊಡಬೇಡಿ.

ಮುಂದಿನ ತರಗತಿಗೆ ಅರ್ಥಶಾಸ್ತ್ರ. ನೂರು ವರ್ಷದ ಬಳಿಕ ಆಗುವ 1000 ರೂಪಾಯಿ ನಷ್ಟವನ್ನು ಶೇ 1.4ರ ರಿಯಾಯಿತಿ ದರದಲ್ಲಿ (ಮುಂದಿನ ಹಣದ ಬೆಲೆಯನ್ನು ಪ್ರತಿ ವರ್ಷಕ್ಕೆ ಇಷ್ಟೆಂದು ಕಡಿಮೆ ಮಾಡುವ ದರ) ಇಂದಿನ ಬೆಲೆಗೆ ಇಳಿಸಿದರೆ ಸುಮಾರು 249. ಶೇ 5ರಲ್ಲಿ 8ಕ್ಕೂ ಕಡಿಮೆ. ಸೂತ್ರ ಒಂದೇ, ದರ ಮಾತ್ರ ಬೇರೆ. ಆ ದರ ಗಣಿತದಿಂದಷ್ಟೇ ಹುಟ್ಟುವುದಿಲ್ಲ; ಇನ್ನೂ ಹುಟ್ಟದವರಿಗೆ ಎಷ್ಟು ತೂಕ ಕೊಡುತ್ತೇವೆ ಎಂಬ ನಿರ್ಧಾರವೂ ಅದರೊಳಗಿದೆ. ತತ್ವಶಾಸ್ತ್ರದ ವಿದ್ಯಾರ್ಥಿ ಸ್ಪ್ರೆಡ್‌ಶೀಟ್ ಕಡೆ ತಿರುಗಿ ನೋಡುವುದು ಇಲ್ಲಿಯೇ.

ಇಂಥ ಲೆಕ್ಕ, ವರದಿಯ ಕೆಲಸವನ್ನು ಗುಂಪುಗಳಿಗೆ ಕೊಡಿ: ಗುಂಪಿಗೆ ಐವರು, ಕನಿಷ್ಠ ಮೂರು ವಿಭಾಗದವರು. ಹಾಗೇ ಬಿಟ್ಟರೆ ಲೆಕ್ಕವೆಲ್ಲ ಎಂಜಿನಿಯರ್‌ಗೆ, ವರದಿ ಬರೆಯುವುದು ಭಾಷಾ ವಿಭಾಗದವರಿಗೆ ಎಂದು ಹಂಚಿಕೊಂಡು ಕೊನೆಯ ರಾತ್ರಿ ಅಂಟಿಸುತ್ತಾರೆ. ನೋಡಲು ಅಂತರ್‌ಶಿಸ್ತೀಯ, ಒಳಗೆ ಅದೇ ಹಳೇ ಗೋಡೆ. ಅದಕ್ಕೇ ವೈವಾದಲ್ಲಿ ಅದಲುಬದಲು ಇರಲಿ: ಲೆಕ್ಕವನ್ನು ಸಮರ್ಥಿಸುವವರು ಅದನ್ನು ಮಾಡದವರು. ಇದನ್ನು ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಅನ್ಯಾಯವಾಯಿತೆಂದು ದೂರು ಬರುತ್ತದೆ, ಬಂದರೆ ತಪ್ಪೂ ಅಲ್ಲ.

ಪದಗಳದ್ದೂ ಒಂದು ತೊಡಕು. ‘ಮೌಲ್ಯ’, ‘ದಕ್ಷತೆ’, ‘ವ್ಯವಸ್ಥೆ’ ಎಂದರೆ ಒಂದೊಂದು ವಿಭಾಗಕ್ಕೆ ಒಂದೊಂದು ಅರ್ಥ. ಗುಂಪು ಮೊದಲ ವಾರವೇ ಹತ್ತು ಪದಗಳಿಗೆ ತನ್ನದೇ ಅರ್ಥ ಬರೆದು ಒಪ್ಪಿಸಲಿ; ಅಂಕ ಬೇಡ.

ಒಟ್ಟು 100 ಅಂಕದಲ್ಲಿ 40 ಆದರೂ ವೈಯಕ್ತಿಕವಾಗಿರಲಿ. ಮೌಲ್ಯಮಾಪನಕ್ಕೆ ಎರಡು ವಿಭಾಗದ ಇಬ್ಬರು ಕೂತು, ಮೊದಲು ಮೂರು ಉತ್ತರಗಳನ್ನು ಬೇರೆಬೇರೆಯಾಗಿ ತಿದ್ದಿ ಹೋಲಿಸಬೇಕು. ಅಲ್ಲೇ ಹದಿನೈದು ಅಂಕ ವ್ಯತ್ಯಾಸ ಬಂದರೆ ಮಾನದಂಡವನ್ನು ಮತ್ತೆ ಬರೆದು, ಆಮೇಲೆ ಉಳಿದವನ್ನು ತೆಗೆದುಕೊಳ್ಳಿ.