ಬೊಂಬಾಯಿಗೆ ಹೋದವರು ಊರಿಗೆ ಬರತೊಡಗಿದ್ದು

ನಮ್ಮ ಕುಂದಾಪುರದ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಬೊಂಬಾಯಿಯಲ್ಲಿ ಇರುತ್ತಿದ್ದರು, ಹೆಚ್ಚಾಗಿ ಹೋಟೆಲ್ ಕೆಲಸದಲ್ಲಿ. ನನ್ನ ಅಪ್ಪಯ್ಯನೂ ಹಾಗೆ ಹೋದವರೇ. ಬೊಂಬಾಯಿ ಕಡೆಯಿಂದ ಕರಾವಳಿಯುದ್ದಕ್ಕೂ ಮಂಗಳೂರಿನ ಕಡೆಗೆ ಬರುವ ಕೊಂಕಣ ರೈಲು ಅಂದರೆ ಸರಕು, ವ್ಯಾಪಾರ, ಪ್ರವಾಸ ಅಂತೆಲ್ಲ ಮಾತಾಡುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಹೋದವರಿಗೆ ಊರಿಗೆ ಬಂದು ಹೋಗುವುದು ಸಲೀಸಾಯಿತು.

ಮೊದಲು ನಮಗೆ ಬಸ್ಸೇ ಗತಿ. ಒಂದು ಹಗಲು, ಒಂದು ರಾತ್ರಿ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ನಿಜ. ಆದರೆ ಅದು ಕೇರಳದ ಕಡೆಯಿಂದ ಬಂದದ್ದು. ಉಡುಪಿ, ಕುಂದಾಪುರ, ಕಾರವಾರಕ್ಕೆ ಹಳಿಯೇ ಇರಲಿಲ್ಲ. ಅಜ್ಜ ತೀರಿಕೊಂಡಾಗ ಅಪ್ಪಯ್ಯ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂಥ ಸಂಕಟ ನಮ್ಮ ಮನೆಗೆ ಮಾತ್ರ ಬಂದದ್ದಲ್ಲ.

ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಈ ಯೋಜನೆಗೆ ಜೀವ ಬಂತು. ಇಂಜಿನಿಯರ್ ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು, ನಡುವೆ ಹೊಳೆ ದಾಟಿದರೆ ಮತ್ತೊಂದು ಹೊಳೆ. ಹೊನ್ನಾವರದ ಶರಾವತಿ ಸೇತುವೆಯೊಂದೇ 2 ಕಿಲೋಮೀಟರಿಗಿಂತ ಉದ್ದ! 1998ರ ಜನವರಿಯಲ್ಲಿ ದಾರಿ ಪೂರ್ತಿಯಾಯಿತು. ಅದೇ ವರ್ಷ ಮತ್ಸ್ಯಗಂಧ ಎಂಬ ರೈಲು ಓಡತೊಡಗಿತು. ಮಧ್ಯಾಹ್ನ ಬೊಂಬಾಯಿಯ ಕುರ್ಲಾದಲ್ಲಿ ಹತ್ತಿದರೆ ಬೆಳಗಾಗುವಾಗ ಊರು.

ನಮ್ಮ ಸ್ಟೇಷನ್ ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿದೆ. ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಸಾಮಾನು ಹತ್ತಿಸುವ ಗಡಿಬಿಡಿ ನೋಡಬೇಕು. ಕುಚ್ಚಲಕ್ಕಿ ಚೀಲ, ಸುಲಿದ ತೆಂಗಿನಕಾಯಿ, ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಡಬ್ಬಿಯ ಬಾಯಿಗೆ ಅಮ್ಮ ಪ್ಲಾಸ್ಟಿಕ್ ಹಾಕಿ, ಮುಚ್ಚಳ ಬಿಗಿದು, ಮೇಲೆ ಹಳೇ ಪಂಚೆ ಸುತ್ತಿ ದಾರ ಕಟ್ಟುತ್ತಿದ್ದಳು. ಆಮೇಲೆ ಡಬ್ಬಿ ಬೋರಲು ಹಾಕಿ ರಸ ಸೋರುತ್ತದಾ ಅಂತ ಬೆರಳಲ್ಲಿ ಮುಟ್ಟಿ ನೋಡುವುದು. ಬಸ್ಸಿನಲ್ಲಿ ಇಷ್ಟೆಲ್ಲ ಹೊತ್ತುಕೊಂಡು ಹೋಗಲು ಎಲ್ಲಿ ಆಗುತ್ತಿತ್ತು ಹೇಳಿ?

ಹೆಂಗಸರ ಓಡಾಟ ಜಾಸ್ತಿಯಾಯಿತಲ್ಲ, ಅದು ನನಗೆ ತುಂಬಾ ದೊಡ್ಡ ಸಂಗತಿ. ಅಮ್ಮನಿಗೆ ಬಸ್ಸೆಂದರೆ ವಾಂತಿ. ಮೇಲಿಂದ, ದಾರಿಯಲ್ಲಿ ಬಚ್ಚಲಿಗೆ ಹೋಗಬೇಕೆಂದರೆ ಯಾರನ್ನು ಕೇಳುವುದು? ರೈಲು ಬಂದ ಮೇಲೆ ಅವಳೂ ಸೋದರತ್ತೆಯೂ ಇಬ್ಬರೇ ಹೊರಟರು. ಅಪ್ಪಯ್ಯ ಅಷ್ಟು ವರ್ಷ ದುಡಿದ ಊರನ್ನು ಅಮ್ಮ ನೋಡಿದ್ದೇ ಆಗ.

ಈಗ ಈ ದಾರಿಯಲ್ಲಿ ಕರೆಂಟಿನ ಇಂಜಿನ್ ಓಡುತ್ತದೆ. ಆದರೆ ಹಳಿ ಇನ್ನೂ ಬಹುಪಾಲು ಒಂಟಿಯೇ. ಚೌತಿ ಹತ್ತಿರ ಬಂದರೆ ಟಿಕೆಟ್ ಸಿಗುವುದು ಕಷ್ಟ. ಎರಡನೇ ಹಳಿ ಬೇಗ ಆಗಬೇಕು. ಹಬ್ಬಕ್ಕೆ ಬರಬೇಕೆಂದಿದ್ದೂ ಸೀಟಿಲ್ಲದೆ ಅಲ್ಲೇ ಉಳಿಯುವವರು ನಮ್ಮ ಕಡೆಯವರೇ ಎಷ್ಟೋ ಮಂದಿ.